ಶಾಗಿರ್ದ ಹೊಲಿದ ಮೊದಲ ಜುಬ್ಬಾ

ಬ್ಯಾಡಗಿಯಲ್ಲಿ ಬಿಳಿ ಬಟ್ಟೆ ಕತ್ತರಿಸಲು ಹೊತ್ತು ನೋಡಬೇಕು. ಇದು ಪಂಚಾಂಗದ ಮಾತಲ್ಲ, ಮೆಣಸಿನಕಾಯಿಯ ಮಾತು. ಸುಗ್ಗಿ ಶುರುವಾಯಿತೆಂದರೆ ಮಾರುಕಟ್ಟೆಯ ಕಡೆ ಹೋಗುವ ಲಾರಿ, ಟ್ರ್ಯಾಕ್ಟರುಗಳು ಬೆಳಗಾದದ್ದೇ ತಡ ಒಂದರ ಬೆನ್ನಿಗೊಂದು ಬರುತ್ತವೆ. ಚೀಲದಿಂದ ಉದುರಿದ ಕಾಯಿ ಗಾಲಿಗೆ ಸಿಕ್ಕಿ ಪುಡಿಯಾಗಿ, ಆ ಕೆಂಪು ಧೂಳು ರಸ್ತೆ ಬದಿಯ ಅಂಗಡಿಗಳ ಒಳಗೆಲ್ಲ ಬಂದು ಕೂರುತ್ತದೆ. ಹೊಸಬರು ಸೀನಿ ಸೀನಿ ಕಣ್ಣೀರು ಹಾಕುತ್ತಾರೆ. ಊರವರು ಕೆಮ್ಮುತ್ತಲೇ ಮಾತು ಮುಂದುವರಿಸುತ್ತಾರೆ. ಇಲ್ಲಿ ಕೆಮ್ಮುವವರನ್ನು ಯಾಕೆ ಕೆಮ್ಮುತ್ತೀ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವರೇ ಬೇರೆ ಊರಿನವರೆಂದು ಗೊತ್ತಾಗುತ್ತದೆ.

ನನಗೆ ಹೊಲಿಗೆ ಕಲಿಸಿದ ಉಸ್ತಾದರು ಬಿಳಿ ಜುಬ್ಬಾದ ಬಟ್ಟೆಯನ್ನು ಲಾರಿಗಳ ಸದ್ದು ಏಳುವ ಮೊದಲೇ ಕತ್ತರಿಸಿ, ಮಡಚಿ, ಹಳೆಯ ಸೀರೆಯೊಂದರಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದರು. ಆಮೇಲೆ ಚಹಾ. ಆ ಹಳೆಯ ಸೀರೆ ಚಾಚಿಯದು. ಚಾಚಿ ಎಂದರೆ ಅವರ ಹೆಂಡತಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರ ರವಿಕೆ ಮತ್ತು ಶಾಲೆ ಮಕ್ಕಳ ಯುನಿಫಾರ್ಮ್ ಹೊಲಿಯುವುದು ಅವರ ಪಾಲು. ಮುಂದಿನ ಕೋಣೆಯಲ್ಲಿ ಉಸ್ತಾದರು ಗಂಡಸರ ಬಟ್ಟೆ ಹೊಲಿಯುತ್ತಿದ್ದರು. ನಡುವೆ ಒಂದು ಪರದೆ. ನಾನು ಬಹಳ ದಿನ ಆ ಪರದೆಯ ಹಿಂದಿನವಳಾಗಿದ್ದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಒಂದು ಪದಕ್ಕಾಗಿ ಇವಳು ಇಷ್ಟು ಹಟ ಯಾಕೆ ಹಿಡಿದಳು ಎಂದು ನಿಮಗೆ ಅನಿಸೀತು. ತವರು ಮೋಟೆಬೆನ್ನೂರು, ಕೊಟ್ಟದ್ದು ಬ್ಯಾಡಗಿಗೆ. ಹಾವೇರಿಯಲ್ಲಿ ಕನ್ನಡ ಬಿ.ಎ. ಮುಗಿಸಿದೆ. ಅದೊಂದೇ ನಾನು ಮುಗಿಸಿದ್ದು. ಬಿ.ಎಡ್. ಸೇರಿ ಮದುವೆಯಾಯಿತೆಂದು ಬಿಟ್ಟೆ. ಕಂಪ್ಯೂಟರ್ ಕ್ಲಾಸಿಗೆ ಸೇರಿ ಮಗಳು ಹುಟ್ಟಿದಳೆಂದು ಬಿಟ್ಟೆ. ಪಕ್ಕದ ಮನೆಯವರ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿ, ಕೈಯ ಉರಿ ತಾಳದೆ ಅದನ್ನೂ ಬಿಟ್ಟೆ. ಹಪ್ಪಳ ಮಾಡಿ ಮಾರುತ್ತೇನೆಂದು ಹೊರಟದ್ದು ಮೊದಲ ಮಳೆಗೇ ಮುಗಿದುಹೋಯಿತು. ಎರಡೂ ಮನೆಗಳಲ್ಲಿ ನನಗೆ ಒಂದು ಬಿರುದು ಅಂಟಿಕೊಂಡಿತು: ಅರ್ಧಕ್ಕೆ ಬಿಡುವವಳು. ನನ್ನ ತಾಯಿ ಅದನ್ನು ನಗುತ್ತಾ ಹೇಳುತ್ತಿದ್ದಳು, ಗಂಡ ಮೆತ್ತಗೆ ಹೇಳುತ್ತಿದ್ದ. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಖರೇ ಮಾತಿನ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು?

ಮಗಳು ಹೈಸ್ಕೂಲಿಗೆ ಸೇರಿದ ವರ್ಷ ಅವಳ ಯುನಿಫಾರ್ಮ್ ಹೊಲಿಯಲು ಕೊಡಲು ಹೋದವಳು ಚಾಚಿಯ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಎರಡು ತುಂಡು ಬಟ್ಟೆ ಕೂಡಿ ತೋಳಾಗುವುದನ್ನು ನೋಡುತ್ತಾ ಮನೆಯ ಅಡುಗೆಯೇ ಮರೆತುಹೋಯಿತು.

"ನನಗ ಕಲಸ್ತೀರೇನ್ರಿ ಚಾಚಿ?" ಎಂದೆ.

ಚಾಚಿ ಪರದೆಯ ಕಡೆ ಮುಖ ಮಾಡಿ, "ಕೇಳಿದ್ರೇನ್ರಿ? ಈಕಿ ಕಲೀತಾಳಂತ," ಎಂದರು.

"ಕಲೀತೇನಿ ಅನ್ನೋರು ಭಾಳ ಮಂದಿ ಬರ್ತಾರ," ಎಂದರು ಉಸ್ತಾದರು ಆಚೆಯಿಂದ. "ಕುಂದ್ರಾಕ ಬಂದಾಳೋ, ಎದ್ದು ಹೋಗಾಕ ಬಂದಾಳೋ ಕೇಳು."

ನನ್ನ ಬಿರುದು ಸ್ಟೇಷನ್ ರಸ್ತೆಯ ಈ ಅಂಗಡಿಯವರೆಗೂ ಬಂದುಬಿಟ್ಟಿದೆಯೇನೋ ಎಂದು ಮೈ ಉರಿಯಿತು. "ಕುಂದ್ರಾಕ ಬಂದೇನ್ರಿ," ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಹಂಗಾರ ಇವತ್ತಿಂದ ನೀ ನಮ್ಮ ಅಂಗಡಿ ಉಮೇದುವಾರ," ಎಂದರು.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು, "ಯಾವ ವಾರ್ಡಿಗೆ ನಿಂತೀದಿ?" ಎಂದು ಕೇಳಿ ತಾನೇ ನಕ್ಕ. ಈಗ ಆ ಮಾತು ಚುನಾವಣೆಗೆ ನಿಂತವರಿಗಷ್ಟೇ ಉಳಿದಿದೆ. ಉಸ್ತಾದರು ಹೇಳಿದ್ದು ನಮ್ಮ ಸೀಮೆ ಮುಂಬೈಗೆ ಸೇರಿದ್ದ ಕಾಲದಿಂದ ಬಂದ ಹಳೆಯ ರೂಢಿಯಲ್ಲಿ. ಆಗೆಲ್ಲ ಮುಂದೆ ಕೆಲಸ ಸಿಕ್ಕೀತೆಂದು ಕಚೇರಿಯಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕಲಿಯುತ್ತ ಕೂಡುವವರನ್ನು ಉಮೇದುವಾರ ಎನ್ನುತ್ತಿದ್ದರು. ಉಮೇದು ಎಂದರೆ ಫಾರಸಿಯಲ್ಲಿ ಆಸೆ, ಭರವಸೆ. ಅದು ಇರುವವರು ಉಮೇದುವಾರರು. ಕೈಯಲ್ಲಿ ಬೇರೇನೂ ಇಲ್ಲ, ಅದೊಂದಿದೆ.

ಉಮೇದುವಾರಳ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ತಪ್ಪಾದ ಹೊಲಿಗೆ, ಬಿಗಿಯಾದ ರವಿಕೆ, ತಮ್ಮನಿಗೆ ಇಳಿದ ಅಣ್ಣನ ಪ್ಯಾಂಟು, ಎಲ್ಲದರ ದಾರವನ್ನು ಬಟ್ಟೆಗೆ ಗಾಯವಾಗದಂತೆ ಎಳೆಯುವುದು. ಬಿಚ್ಚುತ್ತಾ ಬಿಚ್ಚುತ್ತಾ ಯಾರ ಹೊಲಿಗೆ ಯಾವುದು ಎಂದು ತಿಳಿಯತೊಡಗಿತು. ಚಾಚಿಯದು ಅವಸರದ, ಕೊಂಚ ದೂರ ದೂರದ ಹೊಲಿಗೆ. ಉಸ್ತಾದರ ಕೈಹೊಲಿಗೆ ಸಾಸಿವೆ ಸಾಲಿಟ್ಟ ಹಾಗೆ, ಬಿಚ್ಚಲು ಹೋದರೆ ಕಣ್ಣು ನೋಯುತ್ತಿತ್ತು. ಆಮೇಲೆ ಗುಂಡಿ, ಗುಂಡಿ ತೂರಿಸುವ ಕಾಜಾ, ಸೀರೆಗೆ ಫಾಲ್, ಕೊನೆಗೆ ಯುನಿಫಾರ್ಮ್.

ಯುನಿಫಾರ್ಮ್ ಹೊಲಿಯುವಾಗ ಚಾಚಿಯ ಪಾಠ ಒಂದೇ: "ಒಳಗ ಬಿಡು. ಜಾಸ್ತಿ ಬಿಡು." ಮಕ್ಕಳು ಬೆಳೆಯುತ್ತವೆ, ಬಗಲ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದರೆ ಮುಂದಿನ ವರ್ಷ ಬಿಚ್ಚಿ ಅಗಲ ಮಾಡಬಹುದು. ರವಿಕೆಗೂ ಹಾಗೆಯೇ. ಉಸ್ತಾದರಿಗೆ ಇದು ಕಂಡರೆ ಆಗುತ್ತಿರಲಿಲ್ಲ. ಅವರ ಜುಬ್ಬಾಗಳನ್ನು ಒಳಗು ಹೊರಗು ಮಾಡಿದರೂ ಅಷ್ಟೇ ಅಚ್ಚುಕಟ್ಟು. ಒಳಗೆ ದಾರದಷ್ಟು ಅಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ ಎಸೆಯುತ್ತಿದ್ದರು.

"ಗಂಡಸರ ಅರಿವಿ ಒಳಗ ಮಡಿಕಿ ಯಾಕ?" ಎನ್ನುತ್ತಿದ್ದರು. "ತಲಿ ನೆರತ ಮ್ಯಾಲೆ ಯಾರರ ಬೆಳೀತಾರೇನು?"

ಅವರು ವಿನಯದ ಮನುಷ್ಯರಲ್ಲ, ಅದನ್ನೂ ಹೇಳಬೇಕು. ಹರೆಯದಲ್ಲಿ ರಾಣೆಬೆನ್ನೂರಿನ ಗರಡಿಮನೆಯಲ್ಲಿ ಮಣ್ಣು ಹಿಡಿದ ಮೈ. ಎದೆಯನ್ನು ಮುಂದೆ ಮಾಡಿಕೊಂಡೇ ನಡೆಯುತ್ತಿದ್ದರು. ಕಣ್ಣಿಗೆ ಸುರ್ಮಾ, ಕಿವಿಯ ಹಿಂದೆ ಅತ್ತರು, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಜುಬ್ಬಾ. "ಅಂಗಡಿಗೆ ಬೋರ್ಡ ಯಾಕ, ನಾನ ಬೋರ್ಡ" ಎನ್ನುತ್ತಿದ್ದರು. ಚಾಚಿ ಪರದೆಯ ಈಚೆ ನನಗೆ ಕಣ್ಣು ಮಿಟುಕಿಸುತ್ತಿದ್ದರು. ನನಗೆ ಅವರ ಜಂಬ ಇಷ್ಟವಾಗುತ್ತಿತ್ತು. ಏನಾದರೊಂದರಲ್ಲಿ ಪೂರ್ತಿಯಾದವರಿಗೆ ಮಾತ್ರ ಅಂಥ ಜಂಬ ಬರುತ್ತದೆ ಎಂದು ಆಗ ಅನಿಸುತ್ತಿತ್ತು.

ಒಂದು ದಿನ ಯಾರೋ ಗಿರಾಕಿ ನನ್ನನ್ನು ತೋರಿಸಿ, "ಇವರು ನಿಮ್ಮ ಶಾಗಿರ್ದ ಏನ್ರಿ?" ಎಂದು ಕೇಳಿದ. ಉಸ್ತಾದರು ಕತ್ತರಿಯಿಂದ ಕಣ್ಣೆತ್ತದೆ, "ಇನ್ನೂ ಇಲ್ಲ," ಎಂದರು.

ಆ "ಇನ್ನೂ ಇಲ್ಲ" ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಿ.ಎ. ಓದಿದ ಚಟ ಬೇರೆ. ಹಾವೇರಿಗೆ ಹೋದಾಗ ಗ್ರಂಥಾಲಯದಲ್ಲಿ ನಿಘಂಟು ತೆಗೆದು ನೋಡಿದೆ. ಶಾಗಿರ್ದ, ಫಾರಸಿಯ ಪದ, ಕಲಿಯುವವನು. ಊಳಿಗದವನು ಎಂದೂ ಅರ್ಥ. ಉಸ್ತಾದನೂ ಅದೇ ದಾರಿಯಲ್ಲಿ ಬಂದವನು, ನಮ್ಮ ಗರಡಿಮನೆಗಳಲ್ಲಿ ಅವನು ವಸ್ತಾದನಾದ. ಜೊತೆಗೇ ಸಿಕ್ಕ ಶಿಷ್ಯ ಸಂಸ್ಕೃತದವನು. ಕಲಿಸಿಕೊಳ್ಳಲು, ತಿದ್ದಿಸಿಕೊಳ್ಳಲು ತಕ್ಕವನು ಎಂಬುದು ಅದರ ಬೇರು. ಕಾರ್ಖಾನೆಗಳ ಅಪ್ರೆಂಟಿಸ್ ಕೂಡ ಹಿಡಿದುಕೊಳ್ಳುವುದು ಎಂಬ ಯಾವುದೋ ಹಳೆಯ ಮಾತಿನಿಂದ ಬಂದದ್ದಂತೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಉಸ್ತಾದರ ಮುಂದೆ ಓದಿದೆ. ಅವರು ಪೂರ್ತಿ ಕೇಳಿದರು, ನಡುವೆ ಕೆಮ್ಮಿದರು, ಮತ್ತೆ ಕೇಳಿದರು.

"ಭೇಷ್ ಐತಿ," ಎಂದರು. "ಪುಸ್ತಕದಾಗಿನದು ಪುಸ್ತಕದಾಗ ಇರಲಿ. ನಮ್ಮ ಅಂಗಡ್ಯಾಗ ಒಂದ ಅರ್ಥ. ಉಸ್ತಾದನ ಮೈಮ್ಯಾಲೆ ಯಾರ ಹೊಲಿಗಿ ಐತೋ ಅವರು ಶಾಗಿರ್ದ."

ಆಮೇಲೆ ಆ ಪದ್ಧತಿಯನ್ನು ಬಿಡಿಸಿ ಹೇಳಿದರು. ಕಲಿಯುವವರು ಮೊದಲ ಪೂರ್ತಿ ಬಟ್ಟೆಯನ್ನು ಉಸ್ತಾದನಿಗೇ ಹೊಲಿಯಬೇಕು. ಟೇಪು ಹಚ್ಚುವಂತಿಲ್ಲ, ಹಳೆಯ ಬಟ್ಟೆ ಇಟ್ಟು ಅಳೆಯುವಂತಿಲ್ಲ. ಬರೀ ಕಣ್ಣಳತೆ. ದಿನಾ ಎದುರಿಗೆ ಕೂತ ಮನುಷ್ಯನನ್ನು ನೋಡದವರು ನಾಳೆ ಗಿರಾಕಿಯನ್ನು ಏನು ನೋಡುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಹೊಲಿದದ್ದು ಕೂತರೆ ಉಸ್ತಾದ ಅದನ್ನು ತೊಟ್ಟು ರಸ್ತೆ ದಾಟಿ, ಎದುರಿನ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಚಹಾ ಕುಡಿದು ಬರುತ್ತಾನೆ. ಬಂದು ತನ್ನ ಅಂಗುಸ್ತಾನವನ್ನು, ಎಂದರೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿಯನ್ನು, ಕಲಿತವರ ಬೆರಳಿಗೆ ಹಾಕುತ್ತಾನೆ. ಅಲ್ಲಿಂದ ಆಚೆ ಗಿರಾಕಿಯ ಬಟ್ಟೆಗೆ ಕತ್ತರಿ ಇಡಬಹುದು. ರಾಣೆಬೆನ್ನೂರಿನಲ್ಲಿ ಅವರ ಉಸ್ತಾದರು ಅವರಿಗೆ ಮಾಡಿದ್ದೂ ಇದನ್ನೇ.

"ನನಗ ಯಾವಾಗ?" ಎಂದೆ.

"ಈ ರಂಜಾನಕ್ಕ ಹೊಲಿ," ಎಂದರು. "ಕೂತ್ರ ಹಬ್ಬದ ದಿನ ಹಾಕ್ಕೋತೇನಿ."

ರಾಣೆಬೆನ್ನೂರಿಗೆ ಹೋಗಿ ಬಿಳಿ ಬಟ್ಟೆ ತಂದೆ. ಆಮೇಲೆ ನನ್ನ ಕೆಲಸ ನೋಡುವುದು. ಸಂಜೆ ಶಟರು ಎಳೆಯುವಾಗ ಅವರ ಬೆನ್ನು, ಮೇಜಿನ ಮೇಲೆ ಬಾಗಿದಾಗ ಭುಜ, ಕೆಮ್ಮುವಾಗ ಎದೆ. ಅಷ್ಟು ವರ್ಷ ಪರದೆಯ ಹಿಂದಿದ್ದವಳು ಅವರ ದನಿಯನ್ನು ಕೇಳಿದ್ದೇ ಹೆಚ್ಚು, ಮೈಯನ್ನು ಸರಿಯಾಗಿ ಗಮನಿಸಿದ್ದು ಆಗಲೇ. ರೊಟ್ಟಿ ಬಡಿಯುವವರಿಗೆ ಹೆಂಚಿನ ಅಗಲ ಕೈಗೇ ಗೊತ್ತಿರುವ ಹಾಗೆ ಆಗುವವರೆಗೆ ನೋಡಿದೆ. ಒಂದು ಬೆಳಿಗ್ಗೆ ಲಾರಿಗಳು ಬರುವ ಮೊದಲು ಕತ್ತರಿಸಿಯೇಬಿಟ್ಟೆ. ರಂಜಾನಿನ ಉಪವಾಸ, ರೋಜಾ ನಡೆದಿತ್ತು, ಚಹಾ ಇಲ್ಲ, ಮಾತೂ ಕಡಿಮೆ. ಮಧ್ಯಾಹ್ನದ ಹೊತ್ತು ಅವರು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಚಾಚಿ, "ಈ ಸಲ ರೋಜಾ ಭಾಳ ತ್ರಾಸ ಆಗ್ಯಾವು ಇವರಿಗೆ," ಎನ್ನುತ್ತಿದ್ದರು.

ಜುಬ್ಬಾ ಮುಗಿದ ದಿನ ನಾನೇ ಇಸ್ತ್ರಿ ಮಾಡಿ ಮೇಜಿನ ಮೇಲೆ ಹಾಸಿದೆ. ಉಸ್ತಾದರು ನಮಾಜಿಗೆ ಹೋಗಿದ್ದರು. ಚಾಚಿ ಬಂದು ಕಾಲರ್ ನೋಡಿದರು, ಕಾಜಾ ನೋಡಿ ತಲೆದೂಗಿದರು. ಆಮೇಲೆ ಗೋಡೆಯ ಮೊಳೆಯಿಂದ ಖಾಕಿ ಕಾಗದದ ನಮೂನೆಯನ್ನು ತೆಗೆದರು. ಉಸ್ತಾದರ ಮೈಯ ಅಳತೆಗೆ ಕತ್ತರಿಸಿದ್ದ ಆ ಕಾಗದ ಅಲ್ಲೇ ವರ್ಷಗಟ್ಟಲೆ ತೂಗುತ್ತಿತ್ತು. ನಾನು ಬೇಕೆಂದೇ ಅದರ ಕಡೆ ನೋಡದೆ ಹೊಲಿದಿದ್ದೆ. ಚಾಚಿ ಅದನ್ನು ಜುಬ್ಬಾದ ಮೇಲಿಟ್ಟರು. ಕಾಗದ ಎರಡೂ ಕಡೆ ಜುಬ್ಬಾದಿಂದ ಆಚೆ ಬಂತು. ಒಂದೊಂದು ಕಡೆಗೂ ಅರ್ಧ ಅಂಗೈಯಷ್ಟು.

"ಇದನ್ನ ಯಾರಿಗೆ ಹೊಲದೀಯವಾ?" ಎಂದರು ಚಾಚಿ.

ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಅವರ ದನಿಯಲ್ಲಿ ಮರುಕವಿತ್ತು. ನನಗೆ ಅಳು ಬಂತು, ಅಳುವುದಕ್ಕೆ ಸಿಟ್ಟು ಬಂತು. ಅಷ್ಟರಲ್ಲಿ ಉಸ್ತಾದರು ಬಂದರು. ಕಾಗದ ನೋಡಿದರು, ಜುಬ್ಬಾ ನೋಡಿದರು. ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ತೊಟ್ಟು ನೋಡಲಿಲ್ಲ. ಮಡಚಿ, ಚಾಚಿಯ ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, "ಇರಲಿ. ಹಬ್ಬ ಬರಲಿ," ಎಂದರು.

ಹಬ್ಬ ಬಂತು. ಸುರಕುಂಬಾ ಎಂಬ ಶ್ಯಾವಿಗೆ ಪಾಯಸ ಕುಡಿಯಲು ನಾನೂ ಗಂಡನೂ ಅವರ ಮನೆಗೆ ಹೋದೆವು. ಉಸ್ತಾದರು ಎದೆ ಮುಂದೆ ಮಾಡಿ ಬಾಗಿಲಲ್ಲಿ ನಿಂತು, "ಬರ್ರಿ, ಕುಂದ್ರಿ," ಎಂದು ಕರೆದರು. ಮೈಮೇಲಿದ್ದದ್ದು ಅವರದೇ ಹಳೆಯ ಜುಬ್ಬಾ, ಅವರೇ ಹೊಲಿದದ್ದು. ಭುಜದ ಮೇಲೆ, ಎದೆಯ ಮೇಲೆ ಒಂದು ನೆರಿಗೆ ಇಲ್ಲದೆ ಕೂತಿತ್ತು. ಬಟ್ಟಲಿನಲ್ಲಿದ್ದ ಶ್ಯಾವಿಗೆಯನ್ನು ಅರ್ಧಕ್ಕೇ ಬಿಟ್ಟೆ. ಅಂಗಡಿಯ ಕೀಲಿ ಕೊಟ್ಟು ಬಂದುಬಿಡಲೇ ಎನಿಸಿತು. ಬೆಳಿಗ್ಗೆ ನಾನು ಮೊದಲು ಬಂದು ತೆಗೆಯಲೆಂದು ಒಂದು ಕೀಲಿ ನನ್ನ ಹತ್ತಿರ ಇರುತ್ತಿತ್ತು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಒಂದು ವಾರ ಮನೆಯ ಪಾತ್ರೆಗಳನ್ನೆಲ್ಲ ಸದ್ದು ಮಾಡುತ್ತಾ ತಿಕ್ಕಿದೆ. ಗಂಡ ನೋಡಿದ, ನೋಡಿದ, ಕೊನೆಗೆ ಮೆತ್ತಗೆ ಕೇಳಿದ: "ಇದನ್ನೂ ಬಿಟ್ಟಿ ಹೌದಿಲ್ಲೋ?"

ಕೈಯಲ್ಲಿದ್ದ ಸೌಟನ್ನು ಅವನ ಮೇಲೆ ಎಸೆಯದೆ ಇದ್ದದ್ದು ಅವನ ಪುಣ್ಯ. ಅವನ ಮಾತು ಮುಗಿಯುವುದರೊಳಗೆ ಚಪ್ಪಲಿ ಮೆಟ್ಟಿ ಹೊರಟಿದ್ದೆ. ಶಾಗಿರ್ದ ಅನ್ನಿಸಿಕೊಳ್ಳದಿದ್ದರೆ ಅಷ್ಟೇ ಹೋಯಿತು, ಸಾಯುವ ತನಕ ಉಮೇದುವಾರಳಾಗಿಯೇ ಕಾಜಾ ಹೊಲಿಯುತ್ತೇನೆ, ಆದರೆ ಬಿಟ್ಟಳು ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳುವುದಿಲ್ಲ ಎಂದುಕೊಂಡೆ. ಉಸ್ತಾದರು ನನ್ನನ್ನು ನೋಡಿ ಮತ್ತೆ ಕತ್ತರಿ ಹಿಡಿದರು. ಚಾಚಿ ಒಂದು ರಾಶಿ ಬಟ್ಟೆಯನ್ನು ನನ್ನ ಮುಂದೆ ಸುರಿದರು. ಅದರಲ್ಲಿ ಹಬ್ಬದ ದಿನದ ಆ ಜುಬ್ಬಾವೂ ಇತ್ತು.

"ಇದರ ಗುಂಡಿ ಸಡ್ಲ ಆಗೇತಿ ನೋಡವಾ. ಹಚ್ಚಿಬಿಡು," ಎಂದು ಅಡುಗೆಗೆಂದು ಮನೆಗೆ ಹೋದರು.

ಗುಂಡಿ ಹಚ್ಚಲು ಜುಬ್ಬಾವನ್ನು ಒಳಗು ಹೊರಗು ಮಾಡಿದೆ. ಬಗಲಲ್ಲಿ ಮಷಿನ್ನಿನ ಹೊಲಿಗೆ ಇತ್ತು, ಅದು ಮೊದಲಿನದು. ಅದರ ಒಳಗೆ ಇನ್ನೊಂದು ಸಾಲು ಇತ್ತು, ಕೈಹೊಲಿಗೆ. ಅದರ ಒಳಗೆ ಮತ್ತೊಂದು. ಸಾಸಿವೆ ಸಾಲಿಟ್ಟ ಹಾಗೆ.

ಆ ಹೊಲಿಗೆಯನ್ನು ಬಿಚ್ಚಿ ಬಿಚ್ಚಿ ಕಲಿತವಳು ನಾನು, ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಉಸ್ತಾದರು ತಮ್ಮ ಜುಬ್ಬಾವನ್ನು ತಾವೇ, ಯಾರಿಗೂ ಕಾಣದಂತೆ, ಒಂದು ಸಲ ಕಿರಿದು ಮಾಡಿದ್ದರು. ಅದೂ ಸಡಿಲವಾದಾಗ ಮತ್ತೊಂದು ಸಲ. ನನ್ನ ಕಣ್ಣಳತೆ ತಪ್ಪಿರಲಿಲ್ಲ. ಗೋಡೆಯ ಮೇಲಿನ ಕಾಗದದ ಮನುಷ್ಯ ಈಗ ಇರಲಿಲ್ಲ, ಅಷ್ಟೇ. ಮೊದಲು ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಉಸಿರಿನಷ್ಟು ಖುಷಿ. ಆಮೇಲೆ ಆ ಸಾಲುಗಳ ನಡುವಿನ ಅಗಲವನ್ನು ಬೆರಳಿನಿಂದ ಅಳೆದು ನೋಡಿದೆ.

ಮರುದಿನ ಬೆಳಿಗ್ಗೆ ಲಾರಿಗಳಿಗಿಂತ ಮೊದಲೇ ಹೋದೆ. ಅವರು ಬಿಳಿ ಬಟ್ಟೆ ಹಾಸಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಜುಬ್ಬಾವನ್ನು ಒಳಗು ಹೊರಗು ಮಾಡಿಯೇ ಅವರ ಮುಂದಿಟ್ಟೆ. ಅವರು ಗೆರೆ ಎಳೆಯುವುದನ್ನು ನಿಲ್ಲಿಸಿದರು.

"ಎಂದಿನಿಂದ್ರಿ?" ಎಂದೆ.

"ದೀಪಾವಳಿ ಮುಂದಿಂದ," ಎಂದರು.

"ಚಾಚಿಗೆ?"

"ಗೊತ್ತಿಲ್ಲ. ಹೇಳಬ್ಯಾಡ."

"ನಾ ಯಾಕ ನಿಮ್ಮ ಮಾತ ಕೇಳಲಿ?" ನನ್ನ ದನಿ ಏರಿತು. "ನಾ ಏನ್ ನಿಮ್ಮ ಶಾಗಿರ್ದ ಏನ್ರಿ?"

ಅವರು ಸ್ಟೂಲಿನ ಮೇಲೆ ಕೂತರು. ಕೂತ ಮೇಲೆ ಎದೆ ಮುಂದೆ ಬರಲಿಲ್ಲ. ಹಾಗೆ ಅವರನ್ನು ನಾನು ನೋಡಿರಲಿಲ್ಲ.

"ನಮ್ಮಣ್ಣ ಹಿಂಗ ಕರಗಿದ," ಎಂದರು. "ಅವನೂ ಗರಡ್ಯಾಗ ಆಡಿದಾಂವ. ಮಂದಿಗೆ ತಿಳೀಬಾರದು ಅಂತ ತನ್ನ ಜುಬ್ಬಾ ನನ್ನ ಕಡೆ ತರ್ತಿದ್ದ. ಒಂದು ಸಾಲು ಹಾಕಿ ಕೊಟ್ಟೆ. ಮತ್ತ ತಂದ, ಮತ್ತೊಂದು ಹಾಕಿದೆ. ಕಡೀಕ ತರಲಿಲ್ಲ." ಕೆಮ್ಮು ಬಂತು, ಕೆಮ್ಮಿ ಮುಗಿಸಿದರು. "ಈ ಸಾಲಿನ ಅರ್ಥ ನನಗ ಗೊತ್ತೈತಿ ಬೇಟಾ. ಡಾಕ್ಟರ್ ಹೇಳಿದ್ದ ಕೇಳಾಕ ಯಾಕ ಹೋಗಬೇಕು?"

ಸಮಾಧಾನ ಹೇಳುವ ಜಾಣತನ ನನಗೆ ಎಂದೂ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಅರ್ಧಕ್ಕ ಬಿಡೂದು ನನ್ನ ಕೆಲಸ್ರಿ. ನೀವ್ಯಾಕ ಬಿಡ್ತೀರಿ?" ಹೇಳಿ ಅತ್ತೆ.

ಅವರು ಎದ್ದರು. ಕಪಾಟು ತೆಗೆದು ಚಾಚಿಯ ಹಳೆಯ ಸೀರೆಯ ಗಂಟು ಬಿಚ್ಚಿ, ನಾನು ಹೊಲಿದ ಜುಬ್ಬಾ ಹೊರಗೆ ತೆಗೆದರು. ಅದನ್ನು ನಾನು ಮಾಡಿದ ಹಾಗೆಯೇ ಒಳಗು ಹೊರಗು ಮಾಡಿದರು. ಕಾಜಾ ನೋಡಿದರು, ಕಾಲರಿನ ಒಳಬದಿ ನೋಡಿದರು. ಬಗಲಿಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ಹೊಲಿಗೆಯ ಒಳಗೆ, ಮೇಲಿನಿಂದ ಕೆಳಗಿನವರೆಗೆ, ಎರಡೂ ಕಡೆ, ಎರಡು ಬೆರಳು ಅಗಲದ ಮಡಿಕೆ ಬಿಟ್ಟಿದ್ದೆ.

"ಇದೇನು?" ಎಂದರು.

ನಾನು ಮೂಗು ಒರೆಸಿಕೊಂಡೆ. ಯುನಿಫಾರ್ಮ್ ಹೊಲಿದು ಹೊಲಿದು ಕೈಗೆ ಅಂಟಿದ ಚಾಳಿ ಅದು. ಕತ್ತರಿಸಿ ತೆಗೆಯಬೇಕೆಂದು ಅವರು ನೂರು ಸಲ ಹೇಳಿದ್ದರು, ನನಗೆ ನೆನಪೇ ಆಗಿರಲಿಲ್ಲ. "ಬಿಡೂದು ರೂಢಿ ಆಗೇತ್ರಿ," ಎಂದೆ. "ಮುಂದ ಬೇಕಾಗ್ತೈತಿ ಅಂತ."

"ನನಗ?"

"ಮತ್ತ ಯಾರಿಗ್ರಿ, ನಿಮ್ಮದ ಅಲ್ಲೇನು ಜುಬ್ಬಾ?"

"ಮುಂದ ನಾ ದಪ್ಪ ಆಗ್ತೇನಿ?"

"ಆಗ್ರಿ. ಯಾರ್ ಬ್ಯಾಡ ಅಂದಾರ," ಎಂದೆ ಸಿಟ್ಟಿನಿಂದಲೇ.

ಅವರು ಆ ಎರಡು ಬೆರಳು ಬಟ್ಟೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಬಯ್ಯುತ್ತಾರೆಂದು ಕಾದೆ. ಹೊರಗೆ ಮೊದಲ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಾಸಿದ್ದ ಬಿಳಿ ಬಟ್ಟೆ ಇನ್ನೂ ಮೇಜಿನ ಮೇಲೆಯೇ ಇತ್ತು. ಅದನ್ನು ಮಡಚುವುದು ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಆಮೇಲೆ ಅವರು ಜುಬ್ಬಾ ಹಿಡಿದು ಪರದೆಯ ಹಿಂದೆ ಹೋದರು.

ಅವರು ತೊಟ್ಟು ಹೊರಗೆ ಬರುವುದಕ್ಕೂ ಚಾಚಿ ಮನೆಯಿಂದ ಚಹಾ ತರುವುದಕ್ಕೂ ಸರಿಹೋಯಿತು. ಜುಬ್ಬಾ ಕೂತಿತ್ತು. ಭುಜದಲ್ಲಿ, ಎದೆಯಲ್ಲಿ, ತೋಳಿನಲ್ಲಿ ಎಲ್ಲಿಯೂ ಎಳೆಯಲಿಲ್ಲ, ಎಲ್ಲಿಯೂ ಜೋಲಲಿಲ್ಲ. ಅದರ ಅಗಲ ಎಷ್ಟೆಂದು ಚಾಚಿಗೆ ಗೊತ್ತಿತ್ತು, ಕಾಗದ ಇಟ್ಟು ನೋಡಿದವರು ಅವರೇ. ಚಹಾದ ಕಿಟ್ಲಿಯನ್ನು ಮೇಜಿನ ಮೇಲಿಟ್ಟರು. ಗೋಡೆಯ ಮೇಲಿನ ಖಾಕಿ ನಮೂನೆಯನ್ನು ನೋಡಿ, ಗಂಡನನ್ನು ನೋಡಿದರು. ಹತ್ತಿರ ಹೋಗಿ ಭುಜದ ಹೊಲಿಗೆಯ ಮೇಲೆ ಕೈಯಿಟ್ಟರು, ಆಮೇಲೆ ಪಕ್ಕೆಲುಬಿನ ಮೇಲೆ. ಗಂಡನ ಮೈಯನ್ನು ಹಾಗೆ ಬೇರೆಯವರ ಮುಂದೆ ಮುಟ್ಟುವ ಹೆಂಗಸಲ್ಲ ಅವರು.

"ಇಷ್ಟ ಉಳದೀರೇನು," ಎಂದರು, ಬಹಳ ಸಣ್ಣ ದನಿಯಲ್ಲಿ.

ಉಸ್ತಾದರು ಮೆಟ್ಟು ಮೆಟ್ಟಿ ಅಂಗಡಿಯ ಮೆಟ್ಟಿಲಿಳಿದರು. ಲಾರಿಗಳ ನಡುವೆ, ಹಾಡಹಗಲಿನಲ್ಲಿ, ಆ ಕಿರಿದಾದ ಜುಬ್ಬಾದಲ್ಲಿ ರಸ್ತೆ ದಾಟಿದರು. ಹೋಟೆಲಿನ ಮುಂದಿನ ಬೆಂಚಿನಲ್ಲಿ ಕೂತಿದ್ದ ಹಮಾಲರೆಲ್ಲ ಅವರನ್ನು ನೋಡಿದರು. ನೋಡಿ ಒಬ್ಬ ಎದ್ದು ಜಾಗ ಬಿಟ್ಟ. ಮುದುಕರಿಗೆ, ರೋಗಿಗಳಿಗೆ ಜಾಗ ಬಿಡುವ ಹಾಗೆ. ಅವರು ಕೂತು ಚಹಾ ಕುಡಿದರು, ಪೂರ್ತಿ ಕುಡಿದರು. ನಾನೂ ಚಾಚಿಯೂ ಬಾಗಿಲಲ್ಲಿ ನಿಂತಿದ್ದೆವು. ಚಾಚಿ ನನ್ನ ಕೈ ಹಿಡಿದುಕೊಂಡಿದ್ದರು.

ತಿರುಗಿ ಬಂದಾಗ ಬಿಳಿ ಭುಜದ ಮೇಲೆ ಕೆಂಪು ಧೂಳು ಕೂತಿತ್ತು. ಬೆರಳಿನಿಂದ ಅಂಗುಸ್ತಾನ ತೆಗೆದು ನನ್ನ ಬೆರಳಿಗೆ ಹಾಕಿದರು. ನನ್ನ ಬೆರಳು ಸಣ್ಣದು, ಅದು ಜಾರುತ್ತಿತ್ತು. ಆಮೇಲೆ ಚಾಚಿಯ ಕಡೆ ತಿರುಗಿ, "ನಡಿ, ಹಾವೇರಿ ದವಾಖಾನಿಗೆ ಹೋಗೂಣು," ಎಂದರು. "ಅಂಗಡಿ ನನ್ನ ಶಾಗಿರ್ದ ನೋಡ್ಕೋತಾಳ."

ಅವರು ಬಸ್ ಸ್ಟ್ಯಾಂಡಿನ ಕಡೆ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಕೊಡವಿದ್ದು. ಅದು ಹಾಳಾಗಿಯೇ ಹೋಗಿತ್ತು.

ಟಿ.ಬಿ. ಎಂದರು. ಕೆಮ್ಮು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರಂತೆ. ನಮ್ಮೂರಿನಲ್ಲಿ ಕೆಮ್ಮಿಗೆ ಯಾರು ದಿನ ಎಣಿಸುತ್ತಾರೆ? ಅದು ಮೆಣಸಿನಕಾಯಿಯದು ಎಂದೇ ಎಲ್ಲರೂ ತಿಳಿದಿದ್ದೆವು. ಸೊರಗಿದ್ದನ್ನು ರೋಜಾದ ಲೆಕ್ಕಕ್ಕೆ ಹಾಕಿದ್ದೆವು. ನನಗೂ ಚಾಚಿಗೂ ತಪಾಸಣೆ ಮಾಡಿದರು, ನಮಗೇನೂ ಇರಲಿಲ್ಲ. ಗುಳಿಗೆ ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ, ನಡುವೆ ಬಿಟ್ಟರೆ ಮಾತ್ರ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು.

ಗುಳಿಗೆಯ ಕಾವಲು ನನ್ನದಾಯಿತು. ಉಸ್ತಾದರು ಮನೆಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ, "ಇವತ್ತ ಬ್ಯಾಡ, ವಾಂತಿ ಬಂದಂಗ ಆಗ್ತೈತಿ," ಎಂದರೆ ನಾನು ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದೆ. "ನಾ ಬಿಡಾಕಿ ಅಲ್ರಿ ಈಗ," ಎನ್ನುತ್ತಿದ್ದೆ. ನುಂಗುವ ತನಕ ನಿಲ್ಲುತ್ತಿದ್ದೆ. ಚಾಚಿ ನಗುತ್ತಿದ್ದರು. ಊಳಿಗದವನು ಎಂದು ನಿಘಂಟಿನಲ್ಲಿ ಓದಿ ನಾನು ಮೂಗು ಮುರಿದಿದ್ದ ಆ ಇನ್ನೊಂದು ಅರ್ಥ ನನ್ನ ಪಾಲಿಗೆ ಬಂದದ್ದು ಹೀಗೆ. ಅಂಗಡಿಯಲ್ಲಿ ಗಂಡಸರ ಬಟ್ಟೆಗೆ ಕತ್ತರಿ ಇಡುತ್ತಿದ್ದವಳು ನಾನೇ. ಅಂಗುಸ್ತಾನ ಜಾರದಂತೆ ಒಳಗೆ ಬಟ್ಟೆಯ ಚೂರು ತುರುಕಿಕೊಂಡಿದ್ದೆ. ನನ್ನ ಗಂಡ ಒಂದು ಸಂಜೆ ಬಂದು, ಮೇಜಿನ ಆಚೆ ಗಿರಾಕಿಯ ಹಾಗೆ ನಿಂತು, ತನಗೊಂದು ಅಂಗಿ ಬೇಕೆಂದ. ಅಳತೆ ತೆಗೆಯುವಾಗ ಅವನು ಆ ಹಳೆಯ ಬಿರುದಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಂಗಿಯ ಒಳಗೆ ಎರಡು ಬೆರಳು ಬಿಟ್ಟೇ ಹೊಲಿದೆ.

ಮಳೆಗಾಲ ಕಳೆಯಿತು. ಉಸ್ತಾದರು ಮೊದಲು ಅಂಗಡಿಯ ಬಾಗಿಲವರೆಗೆ ಬಂದರು, ಆಮೇಲೆ ಸ್ಟೂಲಿನವರೆಗೆ. ಗುಳಿಗೆ ಮುಗಿದವು. ಚಾಚಿ ಮಾಡಿದ್ದನ್ನೆಲ್ಲ ಉಣ್ಣತೊಡಗಿದರು, ಉಂಡದ್ದನ್ನು ಹೊಗಳತೊಡಗಿದರು. ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಶಟರು ಎತ್ತುವಾಗ ಅವರು ಆಗಲೇ ಬಂದು ನಿಂತಿದ್ದರು, ನಾನು ಹೊಲಿದ ಜುಬ್ಬಾದಲ್ಲಿ. ತೋಳು ಮೇಲೆತ್ತಿ ತೋರಿಸಿದರು. ಬಗಲಲ್ಲಿ ಬಟ್ಟೆ ಬಿಗಿದು ಹೊಲಿಗೆ ಕಾಣುತ್ತಿತ್ತು.

"ಎಂಥಾ ಹೊಲದೀದಿ," ಎಂದರು ಮುಖ ಗಂಟಿಕ್ಕಿ. "ಉಸಿರಾಡಾಕ ಆಗವಲ್ದು."

ಗಂಟಿಕ್ಕಿದ ಮುಖ ಬಹಳ ಹೊತ್ತು ನಿಲ್ಲಲಿಲ್ಲ. ಜುಬ್ಬಾ ಕಳಚಿ ಕೊಟ್ಟರು. ನಾನು ಅದನ್ನು ಒಳಗು ಹೊರಗು ಮಾಡಿ ಮಡಿಲಲ್ಲಿಟ್ಟುಕೊಂಡು, ಉಮೇದುವಾರಳಾಗಿ ಮೊದಲ ದಿನ ಮಾಡಿದ ಕೆಲಸವನ್ನೇ ಮಾಡಿದೆ: ದಾರ ಹಿಡಿದು ಹೊಲಿಗೆ ಬಿಚ್ಚಿದೆ. ಒಳಗಿದ್ದ ಪಟ್ಟಿ ಹೊರಗೆ ಬಂತು. ಒಗೆದು ಒಗೆದು ಜುಬ್ಬಾದ ಮೈ ಕೊಂಚ ಮಾಸಿತ್ತು, ಆ ಪಟ್ಟಿ ಮಾತ್ರ ತಂದ ದಿನದಷ್ಟೇ ಬೆಳ್ಳಗಿತ್ತು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ತಡವಾಯಿತು. ಅವರು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟರು, ಲಾರಿ ಬರುವುದರೊಳಗೆ ಮುಗಿಸಬೇಕೆಂದು ಪಕ್ಕದಲ್ಲೇ ಕೂತರು. ನಾನು ಮಡಿಕೆಯನ್ನು ಪೂರ್ತಿ ಬಿಡಿಸಹೋದಾಗ ಕೈ ಅಡ್ಡ ಹಿಡಿದರು.

"ಎಲ್ಲಾ ತಗೀಬ್ಯಾಡ," ಎಂದರು. "ಒಂದ ಬೆರಳು ಒಳಗ ಇರಲಿ."